ಹಳೆಯ ಕ್ಯೂಬೇಸ್ ಪ್ರಾಜೆಕ್ಟ್ ಹೊಸ ಕಂಪ್ಯೂಟರಿನಲ್ಲಿ ತೆರೆಯದಿದ್ದಾಗ

2007ರಲ್ಲಿ ಕುಂದಾಪುರದ ಕಡೆಯ ಒಬ್ಬ ಯಕ್ಷಗಾನ ಭಾಗವತರ ಏಳು ಪದಗಳನ್ನು (ಹಾಡುಗಳನ್ನು) ನಮ್ಮ ಮನೆಯ ಚಾವಡಿಯಲ್ಲಿ ಧ್ವನಿಮುದ್ರಿಸಿಕೊಂಡಿದ್ದೆ. ಧ್ವನಿ ಮುದ್ರಿಸಿ ಕೂಡಿಸುವ ಕ್ಯೂಬೇಸ್ ತಂತ್ರಾಂಶದ ಎಸ್‌ಎಕ್ಸ್ 3 ಆವೃತ್ತಿ, ವಿಂಡೋಸ್ ಎಕ್ಸ್‌ಪಿ ಇದ್ದ ಕಂಪ್ಯೂಟರು. ಹಾಡು ಒಂದು ದಿನ, ಮದ್ದಳೆ ಮರುದಿನ, ಚಂಡೆ ಅದಾದ ವಾರಕ್ಕೆ. ಎಲ್ಲ ಕೂಡಿಸಿ ಸಿ.ಡಿ. ಮಾಡಿ ಹಂಚಿದ್ದೂ ಆಯಿತು. ಹೋದ ವರ್ಷ ಅವರ ಶಿಷ್ಯರೊಬ್ಬರು ಬಂದು, ಕಲಿಯುವ ಮಕ್ಕಳಿಗೆ ಚಂಡೆಯಿಲ್ಲದ ಬರೀ ಹಾಡು ಬೇಕು, ಆಲಾಪದ ತಿರುವುಗಳು ಕಿವಿಗೆ ಸಿಗಬೇಕು ಅಂದರು. ಸಿ.ಡಿ.ಯಲ್ಲಿ ಎಲ್ಲವೂ ಬೆರೆತುಹೋಗಿದೆ. ಬಿಡಿಬಿಡಿಯಾಗಿ ಇರುವುದು ಪದಕ್ಕೊಂದರಂತೆ ಮಾಡಿದ್ದ ಆ ಹಳೆಯ ಪ್ರಾಜೆಕ್ಟುಗಳಲ್ಲಿ ಮಾತ್ರ. ಅವನ್ನು ಕ್ಯೂಬೇಸ್ 13ರಲ್ಲಿ ತೆರೆಯಲು ಹೋದಾಗ ಎದುರಾದ ಒಂದೊಂದು ತೊಡಕನ್ನೂ, ಅದರ ಮೂಲ ಹುಡುಕಿದ ಬಗೆಯನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು ತಿಳಿದಿದ್ದರೆ ಅರ್ಧ ಆತಂಕ ಕಳೆಯುತ್ತದೆ. ಪ್ರಾಜೆಕ್ಟ್ ಫೈಲಿನೊಳಗೆ ಹಾಡು ಇರುವುದಿಲ್ಲ. ಯಾವ ಧ್ವನಿ ಫೈಲು ಎಲ್ಲಿದೆ, ಯಾವ ಕ್ಷಣದಲ್ಲಿ ಶುರುವಾಗಬೇಕು, ಎಲ್ಲಿ ಕತ್ತರಿಸಿದೆ, ಎಷ್ಟು ಜೋರು, ಯಾವ ಪ್ಲಗ್‌ಇನ್ (ಧ್ವನಿಯನ್ನು ಮಾರ್ಪಡಿಸುವ ಇಲ್ಲವೇ ವಾದ್ಯದ ಸದ್ದು ಕೊಡುವ ಸಣ್ಣ ಸೇರ್ಪಡೆ ತಂತ್ರಾಂಶ) ಹಾದು ಬರಬೇಕು ಎಂಬ ಲೆಕ್ಕಪತ್ರ ಅಷ್ಟೇ ಅದರಲ್ಲಿರುತ್ತದೆ. ಹಾಗಾಗಿ "ಪ್ರಾಜೆಕ್ಟ್ ಹಾಳಾಗಿದೆ" ಎನ್ನುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಕಳೆದಿರುವುದು ಧ್ವನಿಯೋ, ಲೆಕ್ಕವೋ? ಲೆಕ್ಕ ಹೋದರೆ ಮತ್ತೆ ಬರೆಯಬಹುದು. ಧ್ವನಿ ಹೋದರೆ ಆ ಭಾಗವತರ 2007ರ ಕಂಠವನ್ನು ಯಾರೂ ತಂದುಕೊಡಲಾರರು.

ತೆರೆಯುವ ಮುಂಚೆ

ಹಳೆಯ ಐಡಿಇ ಡಿಸ್ಕನ್ನು ಯುಎಸ್‌ಬಿ ಅಡಾಪ್ಟರಿಗೆ ಸಿಕ್ಕಿಸಿ, ಇಡೀ ಫೋಲ್ಡರನ್ನು ಹೊಸ ಡಿಸ್ಕಿಗೆ ನಕಲು ಮಾಡಿ. ಹಳೆಯ ಡಿಸ್ಕಿನಿಂದ ನೇರವಾಗಿ ಪ್ರಾಜೆಕ್ಟ್ ತೆರೆಯಬೇಡಿ. ಡಿಸ್ಕು ಟಕ್ ಟಕ್ ಎನ್ನುತ್ತಿದ್ದರೆ ಧ್ವನಿ ಫೈಲುಗಳನ್ನು ಮೊದಲು ಎಳೆದುಕೊಳ್ಳಿ, ಮಿಕ್ಕದ್ದು ಆಮೇಲೆ. ನಕಲಿನ ಮೇಲೆ ಇನ್ನೊಂದು ನಕಲು ಮಾಡಿ, ಒಂದಕ್ಕೆ ರೀಡ್ ಓನ್ಲಿ ಹಾಕಿ ಮುಟ್ಟದೆ ಇಡಿ. ಹೊಸ ಆವೃತ್ತಿಯಲ್ಲಿ ಒಮ್ಮೆ ಅದೇ ಹೆಸರಿಗೆ ಸೇವ್ ಮಾಡಿದರೆ, ಹಳೆಯ ಆವೃತ್ತಿ ಆ ಫೈಲನ್ನು ಮತ್ತೆ ಸರಿಯಾಗಿ ಓದುತ್ತದೆ ಎಂಬ ಭರವಸೆ ಇಲ್ಲ. ಸೇವ್ ಮಾಡುವುದೇನಿದ್ದರೂ ಹೊಸ ಹೆಸರಿಗೆ, ಹೊಸ ಫೋಲ್ಡರಿಗೆ.

ಫೋಲ್ಡರಿನೊಳಗೆ ಏನಿದೆ ನೋಡಿ. ಸಿಪಿಆರ್ ಎಂದು ಕೊನೆಗೊಳ್ಳುವುದು ಪ್ರಾಜೆಕ್ಟ್ ಫೈಲು. 'ಆಡಿಯೊ' ಫೋಲ್ಡರಿನಲ್ಲಿ ಮುದ್ರಿಸಿದ ಧ್ವನಿ. 'ಇಮೇಜಸ್' ಫೋಲ್ಡರು ಅಲೆಯ ಚಿತ್ರಗಳದ್ದು, ಅಳಿದುಹೋಗಿದ್ದರೂ ಚಿಂತೆಯಿಲ್ಲ, ತಂತ್ರಾಂಶ ಮತ್ತೆ ಬರೆದುಕೊಳ್ಳುತ್ತದೆ. 'ಎಡಿಟ್ಸ್' ಫೋಲ್ಡರು ಹಾಗಲ್ಲ. ಧ್ವನಿಯ ತುಣುಕಿನ ಮೇಲೆ ನೇರವಾಗಿ ಸಂಸ್ಕರಣೆ ಮಾಡಿದ್ದರೆ, ಅಂದರೆ ಎಲ್ಲೋ ಉಸಿರಿನ ಸದ್ದು ತಗ್ಗಿಸಿದ್ದು, ಇನ್ನೆಲ್ಲೋ ಒಂದು ಸ್ವರ ಎತ್ತಿದ್ದು, ಆ ತುಣುಕುಗಳು ಕೂತಿರುವುದು ಇಲ್ಲೇ. ಜಾಗ ಉಳಿಸಲು ಕೆಲವರು ಇದನ್ನು ಕಸ ಎಂದು ಅಳಿಸಿರುತ್ತಾರೆ. ನಡುನಡುವೆ ಹಾಡು ಮಾಯವಾಗುವ ದೋಷಕ್ಕೆ ನಾನು ಕಂಡ ಕಾರಣಗಳಲ್ಲಿ ಇದು ಮೊದಲನೆಯದು.

ಬಿಎಕೆ ಎಂದು ಕೊನೆಗೊಳ್ಳುವ ಫೈಲುಗಳಿದ್ದರೆ ಅವು ಸ್ವಯಂ ಉಳಿಕೆಯ ಪ್ರತಿಗಳು. ಮೂಲ ಫೈಲು ತೆರೆಯದೆ ಹೋದರೆ ಇವುಗಳ ನಕಲು ಮಾಡಿ, ಕೊನೆಯ ಮೂರು ಅಕ್ಷರವನ್ನು ಸಿಪಿಆರ್ ಎಂದು ಬದಲಿಸಿ ತೆರೆಯಬಹುದು.

ಈಗ ಕ್ಯೂಬೇಸ್ ತೆರೆಯದೆಯೇ, ಸಾಮಾನ್ಯ ಪ್ಲೇಯರಿನಲ್ಲಿ 'ಆಡಿಯೊ' ಫೋಲ್ಡರಿನ ಒಂದೊಂದು ಫೈಲನ್ನೂ ಹಾಕಿ ಕೇಳಿ. ಬೇಸರದ ಕೆಲಸ, ಆದರೆ ಇದೇ ಮೊದಲ ರೋಗಪರೀಕ್ಷೆ. 44.1 ಕಿಲೋಹರ್ಟ್ಸ್, 24 ಬಿಟ್, ಮೋನೋ ಮುದ್ರಣಕ್ಕೆ ಸೆಕೆಂಡಿಗೆ 1,32,300 ಬೈಟ್, ಅಂದರೆ ನಿಮಿಷಕ್ಕೆ ಸುಮಾರು 8 ಎಂಬಿ. ಆರು ನಿಮಿಷದ ಪದಕ್ಕೆ 48 ಎಂಬಿ ಹತ್ತಿರ ಇರಬೇಕು. 11 ಎಂಬಿಯ ಫೈಲು ಕಂಡರೆ ನಕಲು ಅರ್ಧಕ್ಕೆ ನಿಂತಿದೆ, ಇಲ್ಲವೇ ಅದು ಬಿಟ್ಟುಬಿಟ್ಟ ಮೊದಲ ಪ್ರಯತ್ನ ಎಂದು ತಿಳಿಯಿರಿ.

ತೆರೆಯುತ್ತಲೇ ನಿಂತುಹೋದರೆ

ನನ್ನ ಒಂದು ಪ್ರಾಜೆಕ್ಟ್ ಮೊದಲ ಸಲ ತೆರೆದಾಗ ಪ್ರಗತಿಯ ಪಟ್ಟಿ ಮುಕ್ಕಾಲು ತುಂಬಿ ಅಲ್ಲೇ ನಿಂತಿತು. ಹತ್ತು ನಿಮಿಷ ಕಾದೆ. ಎರಡನೆಯ ಸಲ ತಂತ್ರಾಂಶವೇ ಮುಚ್ಚಿಕೊಂಡಿತು. ಫೈಲು ಹಾಳಾಗಿದೆ ಎಂದು ಎದೆ ಧಸಕ್ಕೆಂದದ್ದು ನಿಜ.

ಹೀಗಾದಾಗ ಮಾಡುವ ಪರೀಕ್ಷೆ ಸರಳ. ಮೊದಲು ಒಂದು ಖಾಲಿ ಪ್ರಾಜೆಕ್ಟ್ ತೆರೆಯಿರಿ. ಅದು ತೆರೆದೇ ಇರುವಾಗ ಹಳೆಯದನ್ನು ತೆರೆಯಲು ಹೋದರೆ, ಇದನ್ನು ಸಕ್ರಿಯಗೊಳಿಸಬೇಕೇ ಎಂದು ಕ್ಯೂಬೇಸ್ ಕೇಳುತ್ತದೆ. ಬೇಡ ಎನ್ನಿ. ಸಕ್ರಿಯವಲ್ಲದ ಪ್ರಾಜೆಕ್ಟಿನಲ್ಲಿ ಸದ್ದು ಬರುವುದಿಲ್ಲ, ಆದರೆ ಟ್ರ್ಯಾಕುಗಳು (ಹಾಡು, ಮದ್ದಳೆ, ಚಂಡೆ ಒಂದೊಂದಕ್ಕೂ ಇರುವ ಬೇರೆ ಬೇರೆ ಸಾಲುಗಳು), ತುಣುಕುಗಳು, ಅವುಗಳ ಜಾಗ ಎಲ್ಲ ಕಣ್ಣಿಗೆ ಕಾಣುತ್ತವೆ. ಹೀಗೆ ತೆರೆದುಕೊಂಡರೆ ಫೈಲು ಗಟ್ಟಿಯಾಗಿದೆ, ತೊಂದರೆ ಇರುವುದು ಪ್ಲಗ್‌ಇನ್‌ಗಳಲ್ಲಿ ಎಂದು ಹೆಚ್ಚುಕಡಿಮೆ ಖಚಿತ. ಹಾಡು, ಮದ್ದಳೆ, ಚಂಡೆ ಎಲ್ಲವೂ ಅಚ್ಚುಕಟ್ಟಾಗಿ ಸಾಲಾಗಿ ನಿಂತಿದ್ದವು. ಆ ನೋಟಕ್ಕೆ ಬಂದ ಸಮಾಧಾನ ಹೇಳತೀರದು.

ಮುಂದಿನ ಹೆಜ್ಜೆ, ಪ್ಲಗ್‌ಇನ್‌ಗಳನ್ನು ಕಣ್ಣಿಂದ ಮರೆಮಾಡುವುದು. ಈಚಿನ ಆವೃತ್ತಿಗಳಲ್ಲಿ ಕ್ಯೂಬೇಸ್ ಶುರುವಾಗುವಾಗ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರನ್ನೂ ಒತ್ತಿಹಿಡಿದರೆ ಸುರಕ್ಷಿತ ಆರಂಭದ ಕಿಟಕಿ ಬರುತ್ತದೆ. ನನಗೆ ಹೆಚ್ಚು ನಂಬಿಕೆ ಇರುವುದು ಹಳೆಯ ಉಪಾಯದಲ್ಲಿ: ವಿಎಸ್‌ಟಿ, ಅಂದರೆ ಕ್ಯೂಬೇಸ್ ಬಳಸುವ ಮಾದರಿಯ, ಪ್ಲಗ್‌ಇನ್‌ಗಳ ಫೋಲ್ಡರನ್ನೇ ಡೆಸ್ಕ್‌ಟಾಪಿಗೆ ಸಾಗಿಸಿಬಿಡಿ. ವಿಎಸ್‌ಟಿ3 ಆದರೆ ಅದು ಪ್ರೋಗ್ರಾಂ ಫೈಲ್ಸ್ ಒಳಗಿನ ಕಾಮನ್ ಫೈಲ್ಸ್‌ನಲ್ಲಿರುತ್ತದೆ. ಈಗ ಪ್ರಾಜೆಕ್ಟ್ ತೆರೆದರೆ ಇಂತಿಂಥ ಪ್ಲಗ್‌ಇನ್ ಸಿಗಲಿಲ್ಲ ಎಂಬ ಪಟ್ಟಿ ಬರುತ್ತದೆ. ಅದರ ಚಿತ್ರ ತೆಗೆದಿಟ್ಟುಕೊಳ್ಳಿ. ಹಳೆಯ ಮಿಕ್ಸಿನಲ್ಲಿ (ಎಲ್ಲ ಟ್ರ್ಯಾಕುಗಳನ್ನು ಕೂಡಿಸಿದ ರೂಪದಲ್ಲಿ) ಏನೇನು ಬಳಸಿದ್ದಿರಿ ಎಂಬುದಕ್ಕೆ ಅದೇ ದಾಖಲೆ.

ಇನ್ನು ಅಪರಾಧಿ ಯಾರು ಎಂದು ಹಿಡಿಯಬೇಕು. ಅರ್ಧ ಪ್ಲಗ್‌ಇನ್‌ಗಳನ್ನು ಮರಳಿ ಹಾಕಿ ತೆರೆಯಿರಿ. ತೆರೆದರೆ ದೋಷ ಉಳಿದರ್ಧದಲ್ಲಿದೆ. ಅದರಲ್ಲೂ ಅರ್ಧ ಮಾಡಿ. 64 ಪ್ಲಗ್‌ಇನ್ ಇದ್ದರೂ ಆರು ಸುತ್ತಿಗೆ ಒಂದೇ ಉಳಿಯುತ್ತದೆ. ನನ್ನಲ್ಲಿ ಸಿಕ್ಕಿಬಿದ್ದದ್ದು ಒಂದು ರಿವರ್ಬ್, ಅಂದರೆ ಧ್ವನಿಗೆ ಅನುರಣನ ಸೇರಿಸುವ ಪ್ಲಗ್‌ಇನ್. ಹಳೆಯದು 32 ಬಿಟ್ ಕಂಪ್ಯೂಟರುಗಳ ಕಾಲದ್ದು, ಈಗ ಇರುವುದು ಅದೇ ಹೆಸರಿನ 64 ಬಿಟ್ ಹೊಸದು. ಹೆಸರು, ಗುರುತು ಒಂದೇ ಆದ್ದರಿಂದ ತಂತ್ರಾಂಶ ಹಳೆಯ ಹೊಂದಾಣಿಕೆಗಳನ್ನು ಹೊಸದರ ಕೈಗೆ ಕೊಟ್ಟಿತು, ಅದಕ್ಕೆ ಜೀರ್ಣವಾಗಲಿಲ್ಲ. ಪ್ಲಗ್‌ಇನ್ ಪೂರ್ತಿ ಇಲ್ಲದಿದ್ದರೆ ಪ್ರಾಜೆಕ್ಟ್ ಸುಮ್ಮನೆ ಅದನ್ನು ಬಿಟ್ಟು ತೆರೆಯುತ್ತದೆ. ಅರ್ಧಂಬರ್ಧ ಹೊಂದುವುದು ಇದ್ದಾಗಲೇ ಹೀಗೆ ಕುಸಿಯುವುದು.

ಈ ಪ್ಲಗ್‌ಇನ್ ತಕರಾರಿನ ಹಿನ್ನೆಲೆ ಗೊತ್ತಿದ್ದರೆ ಎಷ್ಟು ಆಸೆ ಇಟ್ಟುಕೊಳ್ಳಬಹುದು ಎಂದು ತಿಳಿಯುತ್ತದೆ. 2016ರ ಕೊನೆಗೆ ಬಂದ ಕ್ಯೂಬೇಸ್ 9ರಿಂದ ಆ ತಂತ್ರಾಂಶ ಪೂರ್ತಿ 64 ಬಿಟ್, 32 ಬಿಟ್ ಪ್ಲಗ್‌ಇನ್‌ಗಳಿಗೆ ಅಲ್ಲಿ ಜಾಗವಿಲ್ಲ. ಮ್ಯಾಕ್‌ನಲ್ಲಿ 2019ರ ಕ್ಯಾಟಲೀನಾ ಬಂದ ಮೇಲೆ 32 ಬಿಟ್ ತಂತ್ರಾಂಶ ಯಾವುದೂ ಓಡುವುದಿಲ್ಲ. ಹಳೆಯ ಮಾದರಿಯಾದ ವಿಎಸ್‌ಟಿ2 ಪ್ಲಗ್‌ಇನ್‌ಗಳ ತಯಾರಿಕೆಯ ಕಿಟ್ಟನ್ನು, ಕ್ಯೂಬೇಸ್ ತಯಾರಿಸುವ ಸ್ಟೈನ್‌ಬರ್ಗ್ 2018ರಲ್ಲಿ ಹಿಂತೆಗೆದುಕೊಂಡಿತು. ಆಪಲ್ ಸಿಲಿಕಾನ್ ಮ್ಯಾಕ್‌ನಲ್ಲಿ ಕ್ಯೂಬೇಸ್ ನೇರವಾಗಿ ಓಡುವಾಗ ವಿಎಸ್‌ಟಿ2 ಲೋಡ್ ಆಗುವುದೇ ಇಲ್ಲ. ವಿಂಡೋಸ್‌ನಲ್ಲಿ ಜೇಬ್ರಿಡ್ಜ್‌ನಂಥ ಸೇತುವೆ ತಂತ್ರಾಂಶ 32 ಬಿಟ್ ಪ್ಲಗ್‌ಇನ್‌ಗಳನ್ನು ಇನ್ನೂ ನಡೆಸಬಲ್ಲದು. ಅದನ್ನು ಒಂದು ಸಲದ ಕೆಲಸಕ್ಕೆ ಬಳಸಿ: ತೆರೆಯಿರಿ, ಆ ಟ್ರ್ಯಾಕನ್ನು ಧ್ವನಿಯಾಗಿ ಹೊರತೆಗೆಯಿರಿ, ಮುಗಿಸಿ. ದಿನನಿತ್ಯ ಸೇತುವೆಯ ಮೇಲೆ ಕೂತು ಕೆಲಸ ಮಾಡುವುದನ್ನು ನಾನು ಒಪ್ಪುವುದಿಲ್ಲ.

2002ರಲ್ಲಿ ಎಸ್‌ಎಕ್ಸ್ ಬರುವುದಕ್ಕೂ ಹಿಂದಿನ, ಕ್ಯೂಬೇಸ್ ವಿಎಸ್‌ಟಿ ಎಂಬ ಆವೃತ್ತಿಯ ಕಾಲದ ಎಎಲ್ಎಲ್, ಎಆರ್‌ಆರ್ ಫೈಲುಗಳು ನಿಮ್ಮ ಬಳಿ ಇದ್ದರೆ ಇವತ್ತಿನ ಕ್ಯೂಬೇಸ್ ಅವನ್ನು ಗುರುತಿಸುವುದೇ ಇಲ್ಲ. ನಡುವೆ ಎಸ್‌ಎಕ್ಸ್ ಇರುವ ಒಂದು ಹಳೆಯ ಕಂಪ್ಯೂಟರು ಬೇಕು. ಅದರಲ್ಲಿ ಇಂಪೋರ್ಟ್ ಮಾಡಿ, ಸಿಪಿಆರ್ ಆಗಿ ಸೇವ್ ಮಾಡಿ, ಇತ್ತ ತರಬೇಕು. ಹಾಗಾಗಿ ಹಳೆಯ ಲೈಸೆನ್ಸಿನ ಯುಎಸ್‌ಬಿ ಕೀಲಿಯನ್ನು ದಯವಿಟ್ಟು ಎಸೆಯಬೇಡಿ. ಆ ಕೀಲಿಗಳನ್ನು ನೋಡಿಕೊಳ್ಳುತ್ತಿದ್ದ ಇಲೈಸೆನ್ಸರ್ ಸೇವೆ 2025ರ ಮೇ 20ಕ್ಕೆ ನಿಂತಿದೆ. ಕೀಲಿಯಲ್ಲಿ ಈಗಾಗಲೇ ಇರುವ ಲೈಸೆನ್ಸು ಕೆಲಸ ಮಾಡುತ್ತದೆ, ಆದರೆ ಕೀಲಿ ಕಳೆದರೆ ಬದಲಿ ಕೊಡುವವರಿಲ್ಲ.

ತೆರೆಯಿತು, ಆದರೆ ಹಾಡು ಬೇರೆ

ಹಳೆಯ ಕಂಪ್ಯೂಟರಿನಲ್ಲಿ ಫೈಲುಗಳು ಡಿ ಡ್ರೈವಿನಲ್ಲಿದ್ದವು, ಈಗ ಇರುವುದು ಎಫ್‌ನಲ್ಲಿ. ಕ್ಯೂಬೇಸ್‌ಗೆ ಸಿಗದ ಫೈಲುಗಳ ಪಟ್ಟಿ ಬರುತ್ತದೆ, ಹುಡುಕು ಎನ್ನುವ ಗುಂಡಿಯೂ ಇರುತ್ತದೆ. ಇಲ್ಲಿ ಅವಸರ ಮಾಡಿದರೆ ದೊಡ್ಡ ಎಡವಟ್ಟು. ಹೆಸರಿಡದೆ ಮುದ್ರಿಸಿದ ಎಲ್ಲ ಫೈಲುಗಳಿಗೂ ಕ್ಯೂಬೇಸ್ 'ಆಡಿಯೊ 01_01' ಎನ್ನುವಂಥ ಹೆಸರನ್ನೇ ಇಡುತ್ತದೆ. ಏಳು ಪದಕ್ಕೆ ಏಳು ಪ್ರಾಜೆಕ್ಟು, ಏಳರಲ್ಲೂ ಅದೇ ಹೆಸರಿನ ಫೈಲು. ಇಡೀ ಡಿಸ್ಕಿನಲ್ಲಿ ಹುಡುಕು ಎಂದರೆ ಮೊದಲು ಸಿಕ್ಕದ್ದನ್ನು ತಂದು ಕೂರಿಸುತ್ತದೆ. ನನಗೆ ಮೂರನೆಯ ಪದದ ಮದ್ದಳೆಯ ಮೇಲೆ ಐದನೆಯ ಪದದ ಹಾಡು ಬಂದು ಕೂತಿತ್ತು. ಎರಡೂ ಏಕತಾಳದ್ದಾದ್ದರಿಂದ ಮೊದಲ ಕೆಲವು ಆವರ್ತನ ಗೊತ್ತಾಗಲೇ ಇಲ್ಲ.

ಆದ್ದರಿಂದ ಡಿಸ್ಕನ್ನಲ್ಲ, ಆ ಪ್ರಾಜೆಕ್ಟಿನ ಸ್ವಂತ 'ಆಡಿಯೊ' ಫೋಲ್ಡರನ್ನು ಮಾತ್ರ ತೋರಿಸಿ. ಹುಡುಕುವ ಹೊತ್ತಿಗೆ ಮಿಕ್ಕ ಪ್ರಾಜೆಕ್ಟುಗಳಿರುವ ಡ್ರೈವನ್ನು ಕಳಚಿಟ್ಟರೆ ಇನ್ನೂ ಒಳ್ಳೆಯದು. ಆಮೇಲೆ ಪ್ರಾಜೆಕ್ಟಿನ ಧ್ವನಿ ಫೈಲುಗಳ ಪಟ್ಟಿಯಾದ ಪೂಲ್ ಕಿಟಕಿ ತೆರೆದು ಪ್ರತಿ ಫೈಲಿನ ಉದ್ದ, ಮುದ್ರಿಸಿದ ದಿನಾಂಕ ನೋಡಿ. ಪ್ರಶ್ನಾರ್ಥಕ ಚಿಹ್ನೆ ಇರುವುದು ಇನ್ನೂ ಸಿಕ್ಕಿಲ್ಲ. ತುಣುಕು ಟ್ರ್ಯಾಕಿನಲ್ಲಿ ಐದು ನಿಮಿಷ ಉದ್ದ ಇದ್ದು ಕೂತಿರುವ ಫೈಲು ಮೂರೇ ನಿಮಿಷದ್ದಾದರೆ ತಪ್ಪು ಫೈಲು ಬಂದಿದೆ.

ಫೈಲು ಸಿಕ್ಕರೂ ಅದರ ಜಾಗ ಕಳೆದಿದ್ದರೆ, ಅಂದರೆ ಪ್ರಾಜೆಕ್ಟೇ ಉಳಿದಿಲ್ಲದಿದ್ದರೆ, ಇನ್ನೊಂದು ದಾರಿ ಇದೆ. ಬ್ರಾಡ್‌ಕಾಸ್ಟ್ ವೇವ್ ಎಂಬ ಬಗೆಯ ಫೈಲಾಗಿ ಮುದ್ರಿಸಿದ್ದರೆ ಪ್ರತಿ ಫೈಲಿನೊಳಗೂ ಅದು ಮುದ್ರಣವಾದ ಸಮಯಬಿಂದು ಬರೆದಿರುತ್ತದೆ. ಖಾಲಿ ಪ್ರಾಜೆಕ್ಟಿಗೆ ಎಲ್ಲವನ್ನೂ ಎಳೆದು ಹಾಕಿ 'ಮೂವ್ ಟು ಒರಿಜಿನ್' ಆಜ್ಞೆ ಕೊಟ್ಟರೆ ಒಂದೊಂದೂ ತನ್ನ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಪ್ರೋ ಟೂಲ್ಸ್ ಎಂಬ ಇನ್ನೊಂದು ಮುದ್ರಣ ತಂತ್ರಾಂಶದಲ್ಲಿ ಇದೇ ಕೆಲಸಕ್ಕೆ ಸ್ಪಾಟ್ ವಿಧಾನವಿದೆ.

ಎಲ್ಲ ಇದೆ, ಸದ್ದಿಲ್ಲ

ಮೀಟರು ಕುಣಿಯುತ್ತಿದೆ, ಸ್ಪೀಕರಿನಲ್ಲಿ ಮೌನ. ಇದು ಸುಲಭದ ದೋಷ. ಪ್ರಾಜೆಕ್ಟ್ ಇನ್ನೂ ಹಳೆಯ ಸೌಂಡ್ ಕಾರ್ಡನ್ನು ಹುಡುಕುತ್ತಿದೆ. ಎಫ್4 ಒತ್ತಿ, ಔಟ್‌ಪುಟ್‌ಗೆ ಈಗಿನ ಇಂಟರ್‌ಫೇಸನ್ನು (ಸೌಂಡ್ ಕಾರ್ಡಿನ ಕೆಲಸ ಮಾಡುವ ಸಾಧನವನ್ನು) ತೋರಿಸಿದರೆ ಮುಗಿಯಿತು.

ಒಂದೇ ಟ್ರ್ಯಾಕು ಮೌನವಾಗಿದ್ದರೆ ಅದು ಮಿಡಿ ಟ್ರ್ಯಾಕೇ ನೋಡಿ. ಮಿಡಿಯಲ್ಲಿ ಯಾವ ಮನೆ ಒತ್ತಬೇಕು, ಎಷ್ಟು ಹೊತ್ತು ಎಂಬುದಷ್ಟೇ ಇರುತ್ತದೆ, ನುಡಿಸುವ ವಾದ್ಯ ಪ್ಲಗ್‌ಇನ್‌ನಲ್ಲಿರುತ್ತದೆ. ನಮ್ಮಲ್ಲಿ ಆ ಕಾಲದಲ್ಲಿ ಹೈಪರ್‌ಸಾನಿಕ್ 2 ಎಂಬ ವಾದ್ಯ ಪ್ಲಗ್‌ಇನ್ ಬಳಸಿ ಮಾಡಿದ ಕೆಲಸ ಬಹಳ. 32 ಬಿಟ್ ಆದ ಅದು ಹೊಸ ಕ್ಯೂಬೇಸ್‌ನಲ್ಲಿ ಬರುವುದಿಲ್ಲ. ನನ್ನ ಪ್ರಾಜೆಕ್ಟಿನಲ್ಲಿ ಶ್ರುತಿಯ ಟ್ರ್ಯಾಕು ಅಂಥದ್ದು. ಏಳೂ ಪದಗಳ ಹಾಡು, ಮದ್ದಳೆ, ಚಂಡೆ ಎಲ್ಲ ಧ್ವನಿಯಾಗಿ ಉಳಿದಿವೆ, ಶ್ರುತಿ ಮಾತ್ರ ಹೋಗಿದೆ. ಬೆಂಗಳೂರಿನ ರಾಡೆಲ್ ಶ್ರುತಿ ಪೆಟ್ಟಿಗೆಯಿಂದ ಮತ್ತೆ ಮುದ್ರಿಸಿ ಸೇರಿಸಿದೆ. ಇಲ್ಲಿ ಎಚ್ಚರವಿರಲಿ: ಭಾಗವತರು ಅಂದು ಹಾಡಿದ್ದು ಅಂದಿನ ಶ್ರುತಿಗೆ. ಅದು ಕಪ್ಪು ಒಂದೇ (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಆದರೂ ಪೆಟ್ಟಿಗೆಯ ಕಪ್ಪು ಒಂದಕ್ಕಿಂತ ಕೂದಲೆಳೆ ಮೇಲಿತ್ತು. ಹಳೆಯ ಸಿ.ಡಿ. ಹಾಕಿಕೊಂಡು, ಹಾಡು ಷಡ್ಜದಲ್ಲಿ ನಿಲ್ಲುವ ಕಡೆ ಪೆಟ್ಟಿಗೆಯ ಸಣ್ಣ ತಿರುಪನ್ನು ತಿರುಗಿಸಿ, ಅಲೆ ಎದ್ದು ಬೀಳುವ ಸದ್ದು ನಿಲ್ಲುವವರೆಗೆ ಕೂಡಿಸಬೇಕಾಯಿತು.

ಶ್ರುತಿ ಏರಿದ್ದರೆ

ಹಾಡು ತೆರೆಯಿತು, ಸದ್ದೂ ಬಂತು, ಆದರೆ ಭಾಗವತರು ಎಳೆಯರಾದಂತೆ ಕೇಳುತ್ತಿದೆ. ಇದು ಸ್ಯಾಂಪಲ್ ರೇಟಿನ, ಅಂದರೆ ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆದಿದೆ ಎಂಬ ಲೆಕ್ಕದ, ದೋಷ. 44,100ರಲ್ಲಿ ಮುದ್ರಿಸಿದ್ದನ್ನು 48,000ದಲ್ಲಿ ಓಡಿಸಿದರೆ ವೇಗ ನೂರಕ್ಕೆ ಸುಮಾರು 9 ಹೆಚ್ಚುತ್ತದೆ. ಆರು ನಿಮಿಷದ ಪದ 5 ನಿಮಿಷ 31 ಸೆಕೆಂಡಿಗೆ ಮುಗಿಯುತ್ತದೆ. ಶ್ರುತಿ ಒಂದೂವರೆ ಮನೆಯಷ್ಟು ಏರುತ್ತದೆ.

ಆ 'ಅರೆ'ಯಲ್ಲೇ ಗುರುತು ಹಿಡಿಯುವ ಸುಳಿವಿದೆ. ಹಾರ್ಮೋನಿಯಂ ಹತ್ತಿರ ಇಟ್ಟುಕೊಂಡು ನೋಡಿ. ಕಪ್ಪು ಒಂದರಲ್ಲಿ ಹಾಡಿದ್ದು ಈಗ ಬಿಳಿ ಎರಡಕ್ಕೂ ಕಪ್ಪು ಎರಡಕ್ಕೂ ನಡುವೆ, ಯಾವ ಮನೆಯಲ್ಲೂ ಕೂರದೆ ತೂಗಾಡುತ್ತದೆ. ಯಾರಾದರೂ ಬೇಕೆಂದೇ ಶ್ರುತಿ ಏರಿಸಿದ್ದರೆ ಅದು ಒಂದು ಮನೆಗೆ ಸರಿಯಾಗಿ ಬಂದು ನಿಲ್ಲುತ್ತಿತ್ತು. ಇದನ್ನು ಕಂಡರೆ ಪಿಚ್ ಬದಲಿಸುವ ಪ್ಲಗ್‌ಇನ್ ಹಾಕಬೇಡಿ, ದೋಷದ ಮೇಲೆ ದೋಷವಾಗುತ್ತದೆ. ಪ್ರಾಜೆಕ್ಟ್ ಸೆಟಪ್‌ನಲ್ಲಿ 44,100 ಇದೆಯೇ, ಇಂಟರ್‌ಫೇಸಿನ ಸ್ವಂತ ಫಲಕದಲ್ಲೂ ಅದೇ ಇದೆಯೇ ನೋಡಿ. ಹಿನ್ನೆಲೆಯಲ್ಲಿ ತೆರೆದಿರುವ ಬೇರೊಂದು ತಂತ್ರಾಂಶ ಇಂಟರ್‌ಫೇಸನ್ನು 48,000ಕ್ಕೆ ಹಿಡಿದಿಟ್ಟಿರುವುದು ಸಾಮಾನ್ಯ. ನನ್ನಲ್ಲೂ ಆದದ್ದು ಅದೇ. ಎಲ್ಲ ಮುಚ್ಚಿ ಮತ್ತೆ ತೆರೆದಾಗ ಸ್ವರ ತನ್ನ ಮನೆಗೆ ಮರಳಿತು.

ಮಿಕ್ಸ್ ಹಳೆಯದರಂತೆ ಕೇಳದಿದ್ದರೆ

ನೆನಪನ್ನು ನಂಬಬೇಡಿ. ಹಳೆಯ ಸಿ.ಡಿ.ಯ ಪದವನ್ನು ಒಂದು ಟ್ರ್ಯಾಕಿಗೆ ತಂದು, ಹೊಸ ಮಿಕ್ಸಿನೊಂದಿಗೆ ಚಂಡೆಯ ಮೊದಲ ಹೊಡೆತಕ್ಕೆ ಸರಿಯಾಗಿ ಜೋಡಿಸಿ, ಅದರ ಫೇಸ್ ತಿರುಗಿಸಿ (ಧ್ವನಿಯ ಅಲೆಯನ್ನು ತಲೆಕೆಳಗು ಮಾಡಿ). ಎರಡರಲ್ಲೂ ಸಮಾನವಾಗಿರುವುದು ಒಂದನ್ನೊಂದು ಕಳೆದುಕೊಂಡು ತಗ್ಗುತ್ತದೆ, ವ್ಯತ್ಯಾಸ ಮಾತ್ರ ಕಿವಿಗೆ ಉಳಿಯುತ್ತದೆ. ಹಾಡಿನ ಬಾಲ ಮಾತ್ರ ಕೇಳಿಸಿದರೆ ರಿವರ್ಬ್ ಬೇರೆ. ಚಂಡೆ ಪೂರ್ತಿ ಕೇಳಿಸಿದರೆ ಮಟ್ಟ ಬೇರೆ, ಇಲ್ಲವೇ ಅದರ ಮೇಲೆ ಕೂತಿದ್ದ ಕಂಪ್ರೆಸರ್ (ಸದ್ದಿನ ಏರಿಳಿತವನ್ನು ತಗ್ಗಿಸುವ ಪ್ಲಗ್‌ಇನ್) ಕಾಣೆಯಾಗಿದೆ. ಪ್ಲಗ್‌ಇನ್ ಬದಲಾದ ಮಿಕ್ಸು ಪೂರ್ತಿ ಮೌನವಾಗುವುದಿಲ್ಲ, ಅದನ್ನು ನಿರೀಕ್ಷಿಸಲೂ ಬೇಡಿ. ಎಲ್ಲಿ ವ್ಯತ್ಯಾಸ ಎಂದು ತಿಳಿದರೆ ಸಾಕು. ನಾನು ಹಳೆಯ ರಿವರ್ಬನ್ನು ಬೆನ್ನಟ್ಟುವುದನ್ನು ಬಿಟ್ಟೆ. ಕಲಿಯುವವರಿಗೆ ಬೇಕಾದ್ದು ಒಣ ಧ್ವನಿ.

ಬೇರೆ ತಂತ್ರಾಂಶದ ಹಳೆಯ ಫೈಲುಗಳು

ಆಡಾಸಿಟಿಯಲ್ಲಿ ಮಾಡಿಟ್ಟ ಕೆಲಸ ನಮ್ಮ ಕಡೆ ಬಹಳವಿದೆ. 2021ರ ಆಡಾಸಿಟಿ 3ಕ್ಕೆ ಮುಂಚಿನ ಪ್ರಾಜೆಕ್ಟ್ ಎಂದರೆ ಒಂದು ಎಯುಪಿ ಫೈಲು, ಪಕ್ಕದಲ್ಲಿ ಅದೇ ಹೆಸರಿನ ಮುಂದೆ 'ಡೇಟಾ' ಎಂದು ಸೇರಿಸಿದ ಫೋಲ್ಡರು. ಧ್ವನಿಯೆಲ್ಲ ಆ ಫೋಲ್ಡರಿನಲ್ಲಿ ಸಾವಿರಾರು ಚೂರುಗಳಾಗಿ ಕೂತಿರುತ್ತದೆ, ಒಂದು ಚೂರು ಹೆಚ್ಚೆಂದರೆ ಆರು ಸೆಕೆಂಡು. ಎಯುಪಿ ಫೈಲನ್ನು ಮಾತ್ರ ಇಮೇಲಿನಲ್ಲಿ ಕಳಿಸಿ ಹಾಡು ಕಳಿಸಿದೆ ಎಂದುಕೊಂಡವರನ್ನು ಕಂಡು ಮರುಗಿದ್ದೇನೆ. ಫೋಲ್ಡರಿನ ಹೆಸರು ಬದಲಿಸಿದ್ದರೆ ಎಯುಪಿ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ, ಅದು ಬರಿಯ ಪಠ್ಯ. ಮೊದಲ ಸಾಲುಗಳಲ್ಲೇ ಫೋಲ್ಡರಿನ ಮೂಲ ಹೆಸರು ಬರೆದಿರುತ್ತದೆ, ಅದನ್ನೇ ಮರಳಿ ಇಡಿ. ಆಮೇಲೆ ಆಡಾಸಿಟಿ 3 ಅದನ್ನು ಓದಿ ಒಂದೇ ಎಯುಪಿ3 ಫೈಲಾಗಿ ಮಾಡಿಕೊಳ್ಳುತ್ತದೆ.

ಮ್ಯಾಕ್‌ನ ಹಳೆಯ ಪ್ರೋ ಟೂಲ್ಸ್ ಕೆಲಸಗಳಲ್ಲಿ ಎಸ್‌ಡಿ2 ಎಂಬ ಧ್ವನಿ ಫೈಲು ಸಿಗುತ್ತದೆ. ಅದರ ಸ್ಯಾಂಪಲ್ ರೇಟು, ಬಿಟ್ ಲೆಕ್ಕ ಎಲ್ಲ ಮ್ಯಾಕ್‌ನ ರಿಸೋರ್ಸ್ ಫೋರ್ಕ್ ಎಂಬ ಪ್ರತ್ಯೇಕ ಭಾಗದಲ್ಲಿ ಇರುತ್ತಿತ್ತು. ವಿಂಡೋಸ್ ಡಿಸ್ಕಿಗೆ ಸಾದಾ ನಕಲು ಮಾಡಿದಾಗ ಆ ಭಾಗ ಕಳಚಿ ಬಿದ್ದು, ಫೈಲು ಯಾವುದರಲ್ಲೂ ತೆರೆಯದಂತಾಗುತ್ತದೆ. ಧ್ವನಿ ಒಳಗೆ ಹಾಗೇ ಇದೆ. ಆಡಾಸಿಟಿಯ 'ರಾ ಡೇಟಾ' ಇಂಪೋರ್ಟಿನಲ್ಲಿ ಬಿಗ್ ಎಂಡಿಯನ್, ಮೋನೋ, 44,100 ಎಂದು ಕೊಟ್ಟು, ಮೊದಲು 24 ಬಿಟ್, ಬರೀ ಭೋರ್ಗರೆತ ಕೇಳಿಸಿದರೆ 16 ಬಿಟ್ ಎಂದು ಪ್ರಯತ್ನಿಸಿ. ಹಾಡು ಕೇಳಿಸುವ ಹೊಂದಾಣಿಕೆಯೇ ಸರಿಯಾದದ್ದು.

ರೀಪರ್‌ನ ಆರ್‌ಪಿಪಿ ಫೈಲು ಪೂರ್ತಿ ಪಠ್ಯವಾದ್ದರಿಂದ ಅಲ್ಲಿ ದಾರಿ ತಪ್ಪಿದ ಫೈಲುಗಳ ವಿಳಾಸವನ್ನು ಕೈಯಲ್ಲೇ ತಿದ್ದಬಹುದು.

ತೆರೆದ ದಿನವೇ ಮಾಡಬೇಕಾದ್ದು

ಒಮ್ಮೆ ತೆರೆಯಿತೆಂದರೆ ಅದೇ ಕೂಟದಲ್ಲಿ ಕೆಲಸ ಮುಗಿಸಿ. ಪ್ರತಿ ಟ್ರ್ಯಾಕನ್ನೂ ಪ್ರಾಜೆಕ್ಟಿನ ಸೊನ್ನೆ ಬಿಂದುವಿನಿಂದ ಕೊನೆಯವರೆಗೆ ಒಂದೇ ಉದ್ದದ ವೇವ್ ಫೈಲಾಗಿ ಹೊರತೆಗೆಯಿರಿ. ಎಲ್ಲವೂ ಸೊನ್ನೆಯಿಂದ ಶುರುವಾದರೆ ಯಾವ ತಂತ್ರಾಂಶದಲ್ಲಾದರೂ ಎಡಕ್ಕೆ ತಳ್ಳಿದರೆ ಕೂಡಿಕೊಳ್ಳುತ್ತವೆ, ಪ್ರಾಜೆಕ್ಟ್ ಫೈಲಿನ ಹಂಗಿಲ್ಲ. ಪ್ಲಗ್‌ಇನ್ ಸಹಿತ ಒಂದು ಸಲ, ರಹಿತ ಒಂದು ಸಲ ತೆಗೆಯಿರಿ. 'ಆಡಿಯೊ 01' ಎಂಬ ಹೆಸರನ್ನು ಈಗಲಾದರೂ ಬಿಟ್ಟು, ಪದದ ಮೊದಲ ನುಡಿ, ಹಾಡೋ ಮದ್ದಳೆಯೋ ಚಂಡೆಯೋ ಎಂಬುದನ್ನು ಹೆಸರಿನಲ್ಲೇ ಬರೆಯಿರಿ. ಜೊತೆಗೆ ಒಂದು ಸಾದಾ ಪಠ್ಯ ಫೈಲಿನಲ್ಲಿ ಶ್ರುತಿ, ತಾಳ, ಸ್ಯಾಂಪಲ್ ರೇಟು, ಮುದ್ರಿಸಿದ ದಿನ ಇಷ್ಟನ್ನು ದಾಖಲಿಸಿ.

ಏಳು ಪದಗಳಲ್ಲಿ ಆರರ ಹಾಡು ಪೂರ್ತಿ ಸಿಕ್ಕಿತು. ಏಳನೆಯದರಲ್ಲಿ 'ಎಡಿಟ್ಸ್' ಫೋಲ್ಡರಿನ ಎರಡು ತುಣುಕು ಕಾಣೆಯಾಗಿದ್ದವು. ಸಂಸ್ಕರಿಸದ ಮೂಲ ಫೈಲು 'ಆಡಿಯೊ'ದಲ್ಲೇ ಇದ್ದುದರಿಂದ ಆ ಜಾಗಕ್ಕೆ ಅದನ್ನೇ ಕೂರಿಸಿದೆ. ಅಲ್ಲಿ ಭಾಗವತರು ಉಸಿರು ಎಳೆದುಕೊಳ್ಳುವುದು ಸ್ಪಷ್ಟವಾಗಿ ಕೇಳುತ್ತದೆ. 2007ರಲ್ಲಿ ನಾನು ಅದನ್ನು ತೆಗೆದುಹಾಕಿದ್ದೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದು ಮಕ್ಕಳಿಗೆ ಅದರಿಂದಲೇ ತಿಳಿಯುತ್ತಿದೆ ಎಂದು ಶಿಷ್ಯರು ಹೇಳಿದರು, ಹಾಗೇ ಬಿಟ್ಟಿದ್ದೇನೆ.